ಅರ್ಜಿ, ಲಗತ್ತು ಮತ್ತು ಶಾಮಿಯಾನ

ನಮ್ಮ ರಾಜ್ಯದಲ್ಲಿ ಸಂಘ ಕಟ್ಟುವುದಕ್ಕೆ ಏಳು ಜನ ಸಾಕು. 1960ರ ಸಂಘಗಳ ನೋಂದಣಿ ಕಾಯ್ದೆ ಹಾಗೆನ್ನುತ್ತದೆ. ಆ ಏಳೂ ಜನ ಒಂದೇ ಮಾತಿಗೆ ಒಪ್ಪಬೇಕೆಂದು ಅದು ಹೇಳಿಲ್ಲ, ಪುಣ್ಯ. ನಮ್ಮ ಸಂಘದ ಬೈಲಾ ಬರೆದ ಹಿರಿಯರು ಧ್ಯೇಯೋದ್ದೇಶಗಳ ಪಟ್ಟಿಯಲ್ಲಿ ವಾಚನಾಲಯದಿಂದ ಹಿಡಿದು ಯಕ್ಷಗಾನ, ರಕ್ತದಾನ, ಕೆರೆ ಹೂಳೆತ್ತುವುದು, ಮುದಿ ದನಗಳ ಆರೈಕೆಯವರೆಗೆ ಎಲ್ಲವನ್ನೂ ತುರುಕಿಟ್ಟಿದ್ದರು. ನಾವು ನಡೆಸಿಕೊಂಡು ಬಂದದ್ದು ಒಂದು ಮಕ್ಕಳ ವಾಚನಾಲಯ, ಒಂದು ಬೇಸಿಗೆ ಶಿಬಿರ. ಅನುದಾನದ ಬೆನ್ನು ಹತ್ತಿದ ಮೇಲೆಯೇ ಆ ಪಟ್ಟಿಯ ಮಹಿಮೆ ತಿಳಿದದ್ದು. ಕೊಡುವವರು ಏನೇ ಕೇಳಲಿ, ‘ಬೈಲಾದಲ್ಲಿದೆ’ ಎಂದು ಪುಟ ತೋರಿಸಬಹುದು.

ಹಿಂದೆ ಖಜಾಂಚಿಯ ಕೆಲಸವೆಂದರೆ ರಸೀದಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಅಂಗಡಿ ಬೀದಿ ಸುತ್ತುವುದು. ಸಾಹುಕಾರರು ಕನ್ನಡಕ ಏರಿಸಿ, “ಹೋದ ವರ್ಷ ಎಷ್ಟು ಕೊಟ್ಟಿದ್ದೆ?” ಎನ್ನುತ್ತಿದ್ದರು. ಎಷ್ಟು ಹೇಳಿದರೆ ಅಷ್ಟೇ ಈ ವರ್ಷಕ್ಕೂ. ಅಕ್ಕಿಯ ದರ ಏರಿತು, ಪುಸ್ತಕದ ದರ ಏರಿತು, ಚಂದಾ ಮಾತ್ರ ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಂತುಬಿಟ್ಟಿತು. ಹಾಗಾಗಿ ಅನುದಾನ.

ಅದನ್ನು ಹುಡುಕುವುದೇ ಒಂದು ವಿದ್ಯೆ. ಪತ್ರಿಕೆಯ ಒಳಪುಟದಲ್ಲಿ, ಟೆಂಡರಿನ ಪ್ರಕಟಣೆ ಮತ್ತು ಯಾರೋ ಕಳೆದುಕೊಂಡ ಅಂಕಪಟ್ಟಿಯ ನಡುವೆ ‘ಅರ್ಜಿ ಆಹ್ವಾನ’ ಅಡಗಿಕೊಂಡಿರುತ್ತದೆ. ಇಲ್ಲವಾದರೆ ವಾಟ್ಸಾಪಿನಲ್ಲಿ ಬರುತ್ತದೆ, ಕೊನೆಯ ದಿನಾಂಕದ ಸಂಜೆ. ಆ ಸಂಜೆ ರಾಜ್ಯದ ಖಜಾಂಚಿಗಳೆಲ್ಲ ಒಟ್ಟಿಗೇ ಕಂಪ್ಯೂಟರಿನ ಮುಂದೆ ಕೂರುವುದರಿಂದ ಸರ್ವರ್ ಅಲುಗಾಡುವುದಿಲ್ಲ.

ಲಗತ್ತುಗಳ ಮಾತಿಗೆ ಬರೋಣ. ಸಂಘದ ಹೆಸರಿನ ಪ್ಯಾನ್ ಬೇಕು. ನಮ್ಮ ಆದಾಯಕ್ಕೆ ತೆರಿಗೆ ಬೀಳದಿರಲು 12ಎ, ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗಲು 80ಜಿ. ಇವು ಒಮ್ಮೆ ಸಿಕ್ಕರೆ ಮುಗಿಯಿತೆಂದು ಹಳಬರು ನಂಬಿದ್ದರು; 2021ರಿಂದ ಅವಕ್ಕೂ ಅವಧಿ ಬಂತು, ಡ್ರೈವಿಂಗ್ ಲೈಸೆನ್ಸಿನಂತೆ ನವೀಕರಿಸುತ್ತಿರಬೇಕು. ನೀತಿ ಆಯೋಗದ ದರ್ಪಣ್ ಪೋರ್ಟಲಿನ ಸಂಖ್ಯೆ ಬೇರೆ. ಕಂಪನಿಗಳ ಹಣ ಬೇಕಾದರೆ ಸಿಎಸ್‌ಆರ್-1 ನಮೂನೆ ಇನ್ನೂ ಬೇರೆ. “ಹುಟ್ಟಿದ್ದಕ್ಕೆ ಸಾಕ್ಷಿ, ಬದುಕಿದ್ದಕ್ಕೆ ಸಾಕ್ಷಿ, ಲಾಭ ಮಾಡಲಿಲ್ಲ ಅನ್ನೋದಕ್ಕೂ ಸಾಕ್ಷಿ,” ಎಂದು ನಮ್ಮ ಅಧ್ಯಕ್ಷರು, ನಿವೃತ್ತ ಮೇಷ್ಟ್ರು, ಝೆರಾಕ್ಸ್ ಪ್ರತಿಗಳಿಗೆ ಸಹಿ ಹಾಕುತ್ತ ಗೊಣಗುತ್ತಿದ್ದರು.

2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ತಮ್ಮ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಯಾವುದಕ್ಕೆ ಮಾಡಬಹುದೆಂಬ ಪಟ್ಟಿ 7ನೇ ಅನುಸೂಚಿಯಲ್ಲಿದೆ. ಅದರಲ್ಲಿ ‘ಸಾರ್ವಜನಿಕ ಗ್ರಂಥಾಲಯ’ ಎಂದು ಸ್ಪಷ್ಟವಾಗಿ ಬರೆದಿರುವುದನ್ನು ಕಂಡ ದಿನ ಮೇಷ್ಟ್ರು ಎಲ್ಲರಿಗೂ ಕಾಫಿ ಕೊಡಿಸಿದರು. ಆದರೆ ಅಂಥ ಕೆಲಸದಲ್ಲಿ ಮೂರು ವರ್ಷದ ಅನುಭವವಿರುವ ಸಂಘಕ್ಕಷ್ಟೇ ಆ ಹಣ. ಅನುಭವವಾಗಬೇಕಾದರೆ ಹಣ ಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹೊಸದಾಗಿ ಹುಟ್ಟಿದ ಸಂಘಗಳನ್ನು ಕಂಡರೆ ನನಗೆ ನಿಜಕ್ಕೂ ಮರುಕ. ನಮ್ಮದು ಹಳೆಯದಾದ್ದರಿಂದ ಬಚಾವಾಯಿತು.

ಒಂದು ಅರ್ಜಿಯಲ್ಲಿ ಪ್ರಶ್ನೆಯಿತ್ತು: ಯೋಜನೆಯಿಂದಾದ ಬದಲಾವಣೆಯನ್ನು ಹೇಗೆ ಅಳೆಯುತ್ತೀರಿ?

“ಸರ್, ಏನು ಬರೀಲಿ?” ಎಂದೆ.

“ಪುಸ್ತಕ ಹರಿದಿದೆಯೋ ಇಲ್ಲವೋ ನೋಡ್ತೀವಿ ಅಂತ ಬರೀರಿ. ಹರಿದಿದ್ರೆ ಮಕ್ಕಳು ಓದಿದ್ದಾರೆ.”

ಇದಕ್ಕಿಂತ ಒಳ್ಳೆಯ ಅಳತೆಗೋಲು ಯಾವ ಸಲಹೆಗಾರನೂ ಕೊಡಲಾರ. ಆದರೆ ಅದೇ ಅರ್ಜಿಯ ಇನ್ನೊಂದು ಪುಟದಲ್ಲಿ, ಅನುದಾನದಿಂದ ಕೊಂಡ ಸ್ವತ್ತುಗಳ ದಾಸ್ತಾನು ವಹಿ ಇಡಬೇಕು, ಅವು ಸುಸ್ಥಿತಿಯಲ್ಲಿರಬೇಕು ಎಂದಿತ್ತು. ಒಂದು ಪುಟದವರಿಗೆ ಹರಿದ ಪುಸ್ತಕ ಬೇಕು, ಇನ್ನೊಂದು ಪುಟದವರಿಗೆ ಹರಿಯದ ಪುಸ್ತಕ. ‘ಓದುಗರ ಸಂಖ್ಯೆಯಲ್ಲಿ ಗಣನೀಯ ಏರಿಕೆ’ ಎಂದು ಬರೆದು ಎರಡೂ ಪುಟದವರನ್ನು ಸಮಾಧಾನಪಡಿಸಿದೆವು.

ಕೊಡುವವರಿಗೆ ಕಣ್ಣಿಗೆ ಕಾಣುವ ವಸ್ತುವಿನ ಮೇಲೆಯೇ ಪ್ರೀತಿ. ಬೀರು ಕೊಡುತ್ತಾರೆ, ಬಾಗಿಲಿಗೆ ಹೆಸರು ಬರೆಸಲು ಬಣ್ಣಕ್ಕೂ ಕೊಡುತ್ತಾರೆ. ಸಂಜೆ ಬಂದು ಬೀಗ ತೆಗೆದು, ಕಸ ಗುಡಿಸಿ, ಮಕ್ಕಳಿಗೆ ಪುಸ್ತಕ ಎತ್ತಿಕೊಡುವ ಹುಡುಗಿಯ ಸಂಬಳಕ್ಕೆ ಕೇಳಿದರೆ, ‘ಆಡಳಿತ ವೆಚ್ಚಕ್ಕೆ ಅವಕಾಶವಿಲ್ಲ’. ವಿದೇಶಿ ದೇಣಿಗೆ ಪಡೆಯುವ ಸಂಘಗಳಿಗಂತೂ 2020ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಿದರು. ಬೀರು ತಾನಾಗಿ ಬಾಗಿಲು ತೆರೆದುಕೊಂಡು ಕಥೆ ಹೇಳುವುದಿಲ್ಲವಲ್ಲ! ನನ್ನನ್ನು ಕೇಳಿದರೆ ಮೊದಲು ಆ ಹುಡುಗಿಗೆ ಕೊಟ್ಟು, ಉಳಿದರೆ ಬೀರು ಕೊಳ್ಳಬೇಕು. ನನ್ನನ್ನು ಯಾರೂ ಕೇಳುವುದಿಲ್ಲ.

ಮಂಜೂರಾತಿ ಪತ್ರ ಬಂದರೂ ಹಣ ಬಂದಂತಲ್ಲ. ಎಷ್ಟೋ ಕಡೆ ಕಾರ್ಯಕ್ರಮ ಮೊದಲು, ಹಣ ಆಮೇಲೆ. ಮುಗಿಸಿದ ಮೇಲೆ ಫೋಟೊ, ಪತ್ರಿಕಾ ವರದಿ, ಅಸಲು ಬಿಲ್ಲು, ಆಡಿಟರ ಸಹಿಯಿರುವ ಹಣಬಳಕೆ ಪ್ರಮಾಣಪತ್ರ ಕಳಿಸಿ ಕಾಯಬೇಕು. ಅಲ್ಲಿಯತನಕ ಶಿಬಿರ ನಡೆಯುವುದು ಯಾರ ದುಡ್ಡಿನಲ್ಲಿ? ಶಾಮಿಯಾನದವನ ದುಡ್ಡಿನಲ್ಲಿ, ಮೈಕ್‌ಸೆಟ್ಟಿನವನ ದುಡ್ಡಿನಲ್ಲಿ, ಅಡುಗೆ ಭಟ್ಟರ ದುಡ್ಡಿನಲ್ಲಿ. ಇವರು ಬೈಲಾ ನೋಡುವುದಿಲ್ಲ, 80ಜಿ ಕೇಳುವುದಿಲ್ಲ. ವರದಿಯಲ್ಲಿ ‘ಇತರ ಮೂಲಗಳ ನೆರವು’ ಎಂಬ ಕಾಲಮ್ಮಿದೆ. ಇವರ ಹೆಸರನ್ನು ಅಲ್ಲಿ ಬರೆಯಲು ಆಡಿಟರು ಬಿಡುವುದಿಲ್ಲ. ಸಾಲ ನೆರವಲ್ಲವಂತೆ.

ಮೊನ್ನೆ ಈ ವರ್ಷದ ಶಿಬಿರಕ್ಕೆ ಹೇಳಿಬರಲು ಶಾಮಿಯಾನದವನ ಗೋಡೌನಿಗೆ ಹೋಗಿದ್ದೆ. ಹೋದ ವರ್ಷದ ಬಾಕಿಯ ಮಾತು ತೆಗೆಯುತ್ತಾನೇನೋ ಎಂದು ನಾನೇ ಮೊದಲಾಗಿ, “ಮಂಜೂರಾಗಿದೆ ಮಾರಾಯ, ಇನ್ನೇನು ಬರುತ್ತೆ” ಎಂದೆ.

“ಬಂದಾಗ ಕೊಡಿ ಸಾರ್. ಈ ಸಲ ಕುರ್ಚಿ ಮಾತ್ರ ಎಣಿಸಿ ವಾಪಸ್ ಕಳಿಸಿ.”