ಬೀದರದಿಂದ ಔರಾದಿಗೆ: ಚಳಿಗಾಲದ ಕಾಲುನಡಿಗೆ

ಕರ್ನಾಟಕದ ಉತ್ತರದ ತುತ್ತತುದಿಯಲ್ಲಿರುವ ಬೀದರವು ಬೇಸಗೆಯ ಬಿಸಿಲಿಗೆ ಹೆಸರಾದ ನಾಡು. ಅಲ್ಲಿಯ ಚಳಿಯ ಪರಿಚಯವು ಹೊರಗಿನವರಿಗೆ ಕಡಮೆ. ಪಟ್ಟಣವು ಸಮುದ್ರಮಟ್ಟದಿಂದ ಸುಮಾರು ೭೦೦ ಮೀಟರು ಎತ್ತರದ ಪ್ರಸ್ಥಭೂಮಿಯ ಮೇಲಿರುವುದರಿಂದ, ಮಾರ್ಗಶಿರ ಪುಷ್ಯಮಾಸಗಳ ಕೆಲವು ಬೆಳಗುಗಳಲ್ಲಿ ಉಷ್ಣಮಾನವು ೧೦ ಡಿಗ್ರಿಗಿಂತಲೂ ಕೆಳಗಿಳಿಯುವುದುಂಟು. ಕೀಲುನೋವುಳ್ಳವರು ಇಂಥ ಕಾಲದಲ್ಲಿ ಮನೆ ಬಿಟ್ಟು ಹೊರಡಬಾರದೆಂಬುದು ಹಿರಿಯರ ಮತ. ಆದರೆ ಬಿಸಿಲ ನಾಡಿನಲ್ಲಿ ದೂರ ನಡೆಯಬೇಕೆನ್ನುವವರಿಗೆ ಬೇರೆ ಕಾಲವಾದರೂ ಎಲ್ಲಿದೆ? ಅರುವತ್ತರ ಅಂಚಿನಲ್ಲಿರುವ ನಾವು, ಬಲಮೊಳಕಾಲಿನ ನೋವನ್ನೂ ಹಳೆಯ ಶಿಷ್ಯನೊಬ್ಬನನ್ನೂ ಜೊತೆಗೆ ಕರೆದುಕೊಂಡು, ಬೀದರದಿಂದ ಭಾಲ್ಕಿಗೂ ಅಲ್ಲಿಂದ ಔರಾದಿಗೂ ನಡೆದು ನೋಡೋಣವೆಂದು ಹೊರಟೆವು.

ಚರಕಾಚಾರ್ಯರು ಈ ವ್ಯಾಧಿಯನ್ನು ಸಂಧಿಗತವಾತವೆಂದು ಕರೆದು, ಕೀಲನ್ನು ಮಡಿಸಿ ಚಾಚುವಾಗ ಆಗುವ ವೇದನೆಯನ್ನೂ ಬಾವನ್ನೂ ಲಕ್ಷಣವಾಗಿ ಹೇಳಿದ್ದಾರೆ. ಈಗಿನ ವೈದ್ಯರು ಕೀಲಿನೊಳಗಿನ ಮೃದ್ವಸ್ಥಿಯ ಸವೆತವೆನ್ನುತ್ತಾರೆ. ಸುಮ್ಮನೆ ಕುಳಿತರೆ ತೊಡೆಯ ಸ್ನಾಯುಗಳು ಬಲಗುಂದಿ ನೋವು ಹೆಚ್ಚುವುದೆಂದೂ, ಅಳತೆಯರಿತ ನಡಿಗೆ ಹಿತಕರವೆಂದೂ ಅವರು ನಮಗೆ ಹೇಳಿದ್ದರು. ಅವರು ಕಲಿಸಿದ ಇನ್ನೊಂದು ಮಾತು: ಊರುಗೋಲನ್ನು ನೋಯುವ ಕಾಲಿನ ಕಡೆಯಲ್ಲಿ ಹಿಡಿಯದೆ ಎದುರು ಕೈಯಲ್ಲಿ ಹಿಡಿಯಬೇಕು. ಆದಕಾರಣ ಕೋಲು ನಮ್ಮ ಎಡಗೈಗೆ ಬಂದಿತು.

ಶಾಲೆಯಲ್ಲಿ ಆಯುಷ್ಯ ಕಳೆದವರು ಯಾತ್ರೆಯನ್ನು ಶಾಲೆಯಿಂದಲೇ ಆರಂಭಿಸುವುದು ಉಚಿತವಷ್ಟೆ. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸೆಯ ಮುಂದೆ ನಿಂತೆವು. ೧೭ನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಿಂದ ಅದರ ಒಂದು ಭಾಗ ಕುಸಿಯಿತು. ಉಳಿದೊಂದು ಮಿನಾರು ಇಂದಿಗೂ ನೀಲಿ ಹೆಂಚಿನ ಚೂರುಗಳನ್ನು ಹೊತ್ತು ನಿಂತಿದೆ. ಅಲ್ಲಿಂದ ನೌಬಾದಿಗೆ ಬಂದು, ನೆಲದಡಿಯಲ್ಲಿ ಸುರಂಗ ತೋಡಿ ನೀರು ಹರಿಸಿದ ಹಳೆಯ ಕರೇಜನ್ನು ನೋಡಿ, ಭಾಲ್ಕಿಯ ದಾರಿ ಹಿಡಿದೆವು.

ಬೆಳಗಿನ ಮೊದಲ ಅರ್ಧ ಗಂಟೆ ಮೊಳಕಾಲು ತುಕ್ಕು ಹಿಡಿದ ಬಾಗಿಲಿನಂತೆ ಮುಷ್ಕರ ಹೂಡುತ್ತಿತ್ತು; ಮೈ ಕಾದ ಮೇಲೆ ತಾನಾಗಿ ಸಡಲಿತು. ಪ್ರಸ್ಥಭೂಮಿಯ ಜಂಬಿಟ್ಟಿಗೆಯ ಕೆಮ್ಮಣ್ಣು ಮುಗಿದು ಎರೆನೆಲ ಕಾಣಿಸುವಲ್ಲಿ ದಾರಿ ಇಳಿಯುತ್ತದೆ. ಏರುವಾಗ ಉಸಿರು ಮಾತ್ರ ಬೇಡುವ ಕೀಲು, ಇಳಿಯುವಾಗ ಮೈಯ ಭಾರವನ್ನೆಲ್ಲ ತಾನೇ ಹೊರಬೇಕಾಗುವುದರಿಂದ ಪ್ರತಿ ಹೆಜ್ಜೆಗೂ ಲೆಕ್ಕ ಕೇಳುತ್ತದೆ. ನಾವು ಅಡ್ಡಡ್ಡಲಾಗಿ ಸಣ್ಣ ಹೆಜ್ಜೆಗಳನ್ನಿಟ್ಟು ಇಳಿದೆವು.

ಎರಡನೆಯ ದಿನ ಎಳ್ಳಮಾವಾಸ್ಯೆ. ಹಲಬರ್ಗಾದ ಆಸುಪಾಸಿನಲ್ಲಿ ರಸ್ತೆಯ ಇಕ್ಕೆಲದ ಹೊಲಗಳೆಲ್ಲ ಜನರಿಂದ ತುಂಬಿದ್ದವು. ಜೋಳದ ದಂಟಿನ ಗುಡಿಸಲಿನಲ್ಲಿ ಭೂಮಿತಾಯಿಯ ಪೂಜೆಯಾಗಿ, ಹೊಲದ ಸುತ್ತ ಚರಗ ಚೆಲ್ಲುತ್ತಿದ್ದರು. ಕುಂಟುತ್ತ ಬಂದ ನಮ್ಮನ್ನು ಕಂಡ ವೃದ್ಧ ರೈತನೊಬ್ಬನು, “ಗುರುಗಳೆ, ಇವತ್ತ ಹಾದ್ಯಾಗ ಹೋಗೋರು ಉಪಾಸ ಹೋಗಬಾರದ್ರಿ, ಬರ್‍ರಿ ಕುಂದ್ರಿ” ಎಂದು ಕಂಬಳಿ ಹಾಸಿದನು. ಕಾಳು, ಸೊಪ್ಪು, ಕಾಯಿಪಲ್ಲೆಗಳೆಲ್ಲ ಕೂಡಿ ಬೆಂದ ಭಜ್ಜಿ, ಸಜ್ಜೆಯ ಕಡುಬು, ಮಡಕೆಯ ತಣ್ಣನೆಯ ಅಂಬಲಿ! ಆ ಮನೆಯ ತಾಯಿ ಬಿಸಿ ಎಳ್ಳೆಣ್ಣೆಯ ಬಟ್ಟಲನ್ನೂ ತಂದಿಟ್ಟಳು. ವಾಹನದಲ್ಲಿ ಧಾವಿಸುವವನಿಗೆ ಈ ಊಟ ದೊರೆಯುತ್ತಿರಲಿಲ್ಲ.

ಸುಮಾರು ೪೦ ಕಿಲೋಮೀಟರಿನ ದಾರಿಯನ್ನು ಮೂರು ದಿನಗಳಲ್ಲಿ ಮುಗಿಸಿ ಭಾಲ್ಕಿಗೆ ಬಂದೆವು. ನಿಜಾಮರ ಆಳಿಕೆಯಲ್ಲಿ ಈ ಸೀಮೆಯ ಶಾಲೆಗಳಲ್ಲಿ ಉರ್ದುವಿನದೇ ಪ್ರಾಬಲ್ಯ. ಆಗ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಿಸಿ, ಒಳಗೆ ಮಕ್ಕಳಿಗೆ ಕನ್ನಡದ ಪಾಠ ಹೇಳಿಸಿದರು. ಬೀದರವು ೧೯೫೬ರ ನವೆಂಬರ ೧ರಂದು ಕನ್ನಡನಾಡಿನೊಡನೆ ಒಂದಾಯಿತು. ಆ ದಿನಕ್ಕೆ ಓದುಬಲ್ಲ ಕನ್ನಡಿಗರನ್ನು ಸಿದ್ಧಗೊಳಿಸಿದವರು ಇಂಥವರು. ಮಠದ ಅಂಗಳದಲ್ಲಿ ಕುಳಿತಾಗ, ಫಲಕದ ಭಯವಿಲ್ಲದೆ ಮೂವತ್ತು ವರ್ಷ ಕನ್ನಡ ಕಲಿಸಿದ ನಮ್ಮ ಉಪಾಧ್ಯಾಯವೃತ್ತಿ ಎಷ್ಟು ಸುಲಭದ್ದೆನಿಸಿತು. ಈ ಋಣವನ್ನು ಕಾಲಿನಿಂದಲೇ ನಡೆದು ಬಂದು ಸಲ್ಲಿಸಬೇಕೆಂಬುದೇ ನಮ್ಮ ಸಂಕಲ್ಪವಾಗಿದ್ದಿತು.

ಒಂದು ದಿನ ವಿಶ್ರಮಿಸಿ ಔರಾದಿಗೆ ಹೊರಟೆವು. ಭಾಲ್ಕಿಗೂ ಔರಾದಿಗೂ ನಡುವೆ ಮಾಂಜ್ರಾ ನದಿ ಹರಿಯುತ್ತದೆ. ನದಿಯ ದಂಡೆಗೆ ಬರುವಷ್ಟರಲ್ಲಿ ಮೊಳಕಾಲು ಬಾತು, ಮುಟ್ಟಿದರೆ ಬಿಸಿಯಾಗಿದ್ದಿತು. ನೋವನ್ನು ನಡೆದು ಸವೆಸಬಹುದು. ಬಾವನ್ನು ತುಳಿದು ನಡೆಯಬಾರದು. “ಗುರುಗಳೇ, ಔರಾದು ಎಲ್ಲಿಗೂ ಓಡಿಹೋಗುವುದಿಲ್ಲ” ಎಂದನು ಶಿಷ್ಯ. ಜೋಳದ ತೆನೆಗಳ ಮೇಲೆ ಬೀಳುತ್ತಿದ್ದ ಸಂಜೆಬಿಸಿಲನ್ನು ನೋಡುತ್ತ ಕುಳಿತಿದ್ದು, ಬಂದ ಬಸ್ಸನ್ನು ಹತ್ತಿದೆವು. ಮರುದಿನ ಔರಾದಿನ ಅಮರೇಶ್ವರನ ದರ್ಶನವೂ ಆಯಿತು. ಕೈಮುಗಿಯುವಾಗ, ಉಳಿದ ದಾರಿಯನ್ನು ಬಸ್ಸಿನಲ್ಲಿ ಬಂದೆವೆಂಬ ಸಂಕೋಚವು ನಮಗಿರಲಿಲ್ಲ.

ನಮ್ಮ ವಯಸ್ಸಿನ ಗೃಹಸ್ಥರಿಗೆ ಇಷ್ಟು ವಿಜ್ಞಾಪನೆ. ವೈದ್ಯರನ್ನು ಕೇಳಿ ಹೊರಡಿರಿ. ಹೊರಡುವ ಮುನ್ನ ಕೆಲವು ವಾರ ದಿನವೂ ನಡೆದು ರೂಢಿ ಮಾಡಿಕೊಳ್ಳಿರಿ. ಮೆತ್ತನೆಯ ಅಟ್ಟೆಯ ಪಾದರಕ್ಷೆ, ಮೊಳಕಾಲಿಗೆ ಉಣ್ಣೆಯ ಪಟ್ಟಿ, ಹೊತ್ತು ಏರಿದ ಮೇಲೆ ಪ್ರಯಾಣ, ರಾತ್ರಿ ಬಿಸಿನೀರಿನ ಶಾಖ: ಇವಿಷ್ಟಿರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಬಸ್ಸು ಸಿಗುವ ದಾರಿಯನ್ನೇ ಆರಿಸಿಕೊಳ್ಳಿರಿ, ಕಾಲು ಸಾಕೆಂದ ಕಡೆ ನಿಲ್ಲಿರಿ. ನಾವಂತೂ ಬರುವ ಮಾರ್ಗಶಿರದಲ್ಲಿ ಮಾಂಜ್ರಾ ದಂಡೆಯಿಂದಲೇ ನಡಿಗೆಯನ್ನು ಮುಂದುವರಿಸಬೇಕೆಂದಿದ್ದೇವೆ.