ಕೊಳದ ನಡುವೆ ನಿಂತ ದೋಣಿ

ಚಳಿಗಾಲವೆಲ್ಲ ಕುಳಿತು ಕಟ್ಟಿದ ದೋಣಿಯೊಂದು ಕೊಳದ ನಡುವೆ ಹಠಾತ್ತನೆ ನಿಂತುಬಿಟ್ಟರೆ ದಡದ ಮೇಲಿನ ಹವ್ಯಾಸಿಯ ಮುಖ ಹೇಗಾಗುವುದೆಂಬುದನ್ನು ಕಂಡವರೇ ಬಲ್ಲರು. ಕೈಯಲ್ಲಿ ರೇಡಿಯೋ ನಿಯಂತ್ರಕವುಂಟು. ಎಷ್ಟು ಒತ್ತಿದರೂ ದೋಣಿ ಅಲುಗದು. ಅಂತಹ ಹವ್ಯಾಸಿಯೊಬ್ಬನು ಗಾಳಿ ಕನಿಕರಿಸಿ ದೋಣಿಯನ್ನು ದಡಕ್ಕೆ ತರುವವರೆಗೆ ಕಾದನು. ಮುಚ್ಚಳ ತೆಗೆದೊಡನೆ ಸುಟ್ಟ ವಾಸನೆ. ಮೋಟಾರಿನ ವೇಗನಿಯಂತ್ರಕವು ಕರಕಲಾಗಿತ್ತು. ವೇಗದ ಆಸೆಗೆ ಬಿದ್ದು, ಹಿಂದಿನ ಸಂಜೆಯಷ್ಟೇ 40 ಮಿಲಿಮೀಟರಿನ ಪ್ರೊಪೆಲ್ಲರನ್ನು ಬಿಚ್ಚಿ 44ರದನ್ನು ಆತ ತೊಡಿಸಿದ್ದನು.

ನಾಲ್ಕು ಮಿಲಿಮೀಟರು ಏನು ಮಹಾ ಎನಿಸಬಹುದು. ಆದರೆ ಒಂದೇ ಆಕಾರದ ಪ್ರೊಪೆಲ್ಲರನ್ನು ಒಂದೇ ವೇಗದಲ್ಲಿ ತಿರುಗಿಸಲು ಬೇಕಾಗುವ ಶಕ್ತಿಯು ವ್ಯಾಸದ ಐದನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ವ್ಯಾಸವು ಶೇಕಡಾ 10ರಷ್ಟು ಬೆಳೆದರೆ ಹೊರೆ ಶೇಕಡಾ 60ರಷ್ಟು ಬೆಳೆಯಿತೆಂದೇ ತಿಳಿಯಬೇಕು. ಅದನ್ನು ಹೊರಲು ಮೋಟಾರು ಹೆಚ್ಚು ವಿದ್ಯುತ್ತನ್ನು ಸೆಳೆಯುತ್ತದೆ. ವಿದ್ಯುತ್ ಪ್ರವಾಹ ಇಮ್ಮಡಿಯಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಮಡಿ. ನೀರು ನುಗ್ಗದಂತೆ ಬಿಗಿದ ಒಡಲಿನಲ್ಲಿ ಗಾಳಿಯಾಡದು. ಸುತ್ತೆಲ್ಲ ತಣ್ಣೀರಿದ್ದೂ ಒಳಗೆ ಬೇಗೆ!

ಆ ತಣ್ಣೀರನ್ನೇ ಒಳಗೆ ಹರಿಸುವುದು ಉಪಾಯ. ಪ್ರೊಪೆಲ್ಲರಿನ ಹಿಂದೆ ಸಣ್ಣ ಹಿತ್ತಾಳೆಯ ಕೊಳವೆಯೊಂದನ್ನು ಮುಂದಕ್ಕೆ ಬಾಯ್ದೆರೆದಿಟ್ಟರೆ, ಪ್ರೊಪೆಲ್ಲರು ಹಿಂದಕ್ಕೆ ತಳ್ಳುವ ನೀರು ತಾನಾಗಿ ಅದರೊಳಗೆ ನುಗ್ಗುತ್ತದೆ, ಪಂಪು ಬೇಕಿಲ್ಲ. ಸಿಲಿಕೋನ್ ನಳಿಕೆಯಲ್ಲಿ ಹರಿದು, ಮೊದಲು ವೇಗನಿಯಂತ್ರಕವನ್ನೂ ಬಳಿಕ ಮೋಟಾರಿನ ಕವಚವನ್ನೂ ತಣಿಸಿ, ದೋಣಿಯ ಪಕ್ಕದಿಂದ ಹೊರಬೀಳುತ್ತದೆ. ಆ ಹೊರದಾರಿ ದಡದಿಂದ ಕಾಣುವಂತಿರಬೇಕು; ಪಾಚಿಯ ಒಂದೆಳೆ ಸಿಕ್ಕಿಕೊಂಡರೂ ಹರಿವು ನಿಲ್ಲುವುದುಂಟು. ಈ ಹವ್ಯಾಸಿಯ ದೋಣಿಯಲ್ಲಿಯೂ ನಳಿಕೆಯಿತ್ತು. ತಿರುವಿನಲ್ಲಿ ಅದು ಮಡಿಚಿಕೊಂಡದ್ದನ್ನು ಆತ ಗಮನಿಸಿರಲಿಲ್ಲ.

ಪ್ರೊಪೆಲ್ಲರಿನ ಕಾಟ ಆಟದ ದೋಣಿಗಷ್ಟೇ ಮೀಸಲಾದುದಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ನೀರಿಗಿಳಿಸಿದ ‘ಟರ್ಬೀನಿಯಾ’ ಎಂಬ ನೌಕೆ ಎಣಿಸಿದ ವೇಗವನ್ನು ಮುಟ್ಟಲಿಲ್ಲ. ಭರದಿಂದ ತಿರುಗುವ ಅಲಗುಗಳ ಬೆನ್ನಿಗೆ ನೀರು ಆವಿಯಾಗಿ ಗುಳ್ಳೆಗಟ್ಟುತ್ತಿತ್ತು; ಪ್ರೊಪೆಲ್ಲರಿಗೆ ನೀರಿನ ಹಿಡಿತವೇ ತಪ್ಪುತ್ತಿತ್ತು. 1895ರಲ್ಲಿ ಆತನು ಪುಟ್ಟ ತೊಟ್ಟಿಯೊಂದರಲ್ಲಿ ಮಾದರಿ ಪ್ರೊಪೆಲ್ಲರನ್ನು ತಿರುಗಿಸಿ ಆ ಗುಳ್ಳೆಗಳನ್ನು ಕಣ್ಣಾರೆ ಕಂಡನು. ಕೊನೆಗೆ 3 ದಂಡಗಳಿಗೆ 9 ಪ್ರೊಪೆಲ್ಲರುಗಳನ್ನು ಹಂಚಿದನು. 1897ರ ಸ್ಪಿಟ್‌ಹೆಡ್ ನೌಕಾ ಪ್ರದರ್ಶನದಲ್ಲಿ ಅದು ಗಂಟೆಗೆ 34 ನಾಟಿಕಲ್ ಮೈಲಿಯ ವೇಗದಲ್ಲಿ ಓಡಿ ನೋಡಿದವರನ್ನು ಬೆರಗುಗೊಳಿಸಿತು. ಮರುವರ್ಷವೇ ನಿಕೊಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ತಂತಿಯ ನೆರವಿಲ್ಲದೆ ಪುಟ್ಟ ದೋಣಿಯೊಂದನ್ನು ನಡೆಸಿ ತೋರಿಸಿದನು. ಹವ್ಯಾಸಿಯ ವಂಶಾವಳಿ ಸಣ್ಣದೇನಲ್ಲ.

ಮೂರು ವಾರಗಳ ಬಳಿಕ ದೋಣಿ ಮತ್ತೆ ಕೊಳಕ್ಕಿಳಿಯಿತು. ಈ ಸಲ 38 ಮಿಲಿಮೀಟರಿನ ಪ್ರೊಪೆಲ್ಲರು, ಅಗಲವಾದ ತಿರುವಿನ ಹೊಸ ನಳಿಕೆ. ಎರಡು ನಿಮಿಷ ಓಡಿಸಿ, ದಡಕ್ಕೆ ಕರೆದು, ಮೋಟಾರಿನ ಮೇಲೆ ಬೆರಳಿಟ್ಟು ನೋಡಿದನು. ಬೆರಳು ತಾಳಿತು. ಪೆಟ್ಟಿಗೆಯಲ್ಲಿ 40ರದು ಸಿದ್ಧವಾಗಿತ್ತು. ಆತ ಅದನ್ನು ಮುಟ್ಟಲಿಲ್ಲ. ದೋಣಿಯನ್ನು ಮರಳಿ ನೀರಿಗೆ ಬಿಟ್ಟು, ಅದರ ಪಕ್ಕದಿಂದ ಚಿಮ್ಮುತ್ತಿದ್ದ ತೆಳ್ಳನೆಯ ನೀರಿನ ಎಳೆಯನ್ನೇ ನೋಡುತ್ತ ನಿಂತನು.