ಮನೆ ಉಳಿಯಿತು, ಮಾತು?

ಅಡಿಲೇಡ್ ಎಂದೊಡನೆ ನಮ್ಮ ಹುಡುಗರಿಗೆ ನೆನಪಾಗುವುದು ಕ್ರಿಕೆಟ್. ಆ ನಗರ ಬಿಟ್ಟು ಬೆಟ್ಟದ ದಾರಿಯಲ್ಲಿ ಅರ್ಧ ಗಂಟೆ ಸಾಗಿದರೆ ಹಾನ್‌ಡಾರ್ಫ್ ಎಂಬ ಪುಟ್ಟ ಊರು ಸಿಗುತ್ತದೆ. ಇಂಗ್ಲಿಷರು ಆಳಿದ ನಾಡಿನಲ್ಲಿ ಜರ್ಮನ್ ಹೆಸರಿನ ಊರು! ಮಗಳ ಮನೆಗೆಂದು ಆಸ್ಟ್ರೇಲಿಯಕ್ಕೆ ಹೋಗಿದ್ದ ನಾನು ಮೊಮ್ಮಗನೊಂದಿಗೆ ಆ ಊರಿನ ಬಳಿಯ ಹಳೆಯ ರೈತ ಕುಟುಂಬವೊಂದರ ಮನೆಯನ್ನು ನೋಡಿ ಬಂದೆ.

ಅದರ ಕಥೆ ಶುರುವಾಗುವುದು ದೂರದ ಪ್ರಷ್ಯದಲ್ಲಿ. ಅಲ್ಲಿನ ದೊರೆ ಮೂರನೆಯ ಫ್ರೆಡ್ರಿಕ್ ವಿಲಿಯಂ 1817ರಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡು ಕ್ರೈಸ್ತ ಪಂಗಡಗಳನ್ನು ಒಂದು ಮಾಡಲು ಹೊರಟ. ಮುಂದೆ ಎಲ್ಲರಿಗೂ ಒಂದೇ ಆರಾಧನಾ ವಿಧಿ ಎಂಬ ಕಟ್ಟಪ್ಪಣೆಯಾಯಿತು. ಹಳೆಯ ಲೂಥರನ್ನರು ಒಪ್ಪಲಿಲ್ಲ. ಅವರ ಕೆಲವು ಪಾದ್ರಿಗಳು ಸೆರೆಮನೆ ಸೇರಿದರು. ಆಗ ಪಾದ್ರಿ ಆಗಸ್ಟ್ ಕಾವೆಲ್ ಲಂಡನ್ನಿಗೆ ಹೋಗಿ ವರ್ತಕ ಜಾರ್ಜ್ ಫೈಫ್ ಆಂಗಸ್‌ನ ನೆರವು ಕೇಳಿದ. ಆಂಗಸ್ ಕೊಟ್ಟ ಸಾಲದ ಬಲದಿಂದ 1838ರಲ್ಲಿ ಮೊದಲ ತಂಡ ದಕ್ಷಿಣ ಆಸ್ಟ್ರೇಲಿಯ ತಲುಪಿತು. ಅದೇ ವರ್ಷದ ಕೊನೆಗೆ ಬಂದ 'ಜೀಬ್ರಾ' ಹಡಗಿನ ಕಪ್ತಾನ ಡಿರ್ಕ್ ಹಾನ್, ತನ್ನ ಪ್ರಯಾಣಿಕರನ್ನು ದಡಕ್ಕಿಳಿಸಿ ಕೈ ತೊಳೆದುಕೊಳ್ಳಲಿಲ್ಲ. ಅವರಿಗೆ ನೆಲ ಕೊಡಿಸಲು ಓಡಾಡಿದ. 1839ರಲ್ಲಿ ನೆಲೆ ನಿಂತ ಜನ ಊರಿಗೆ ಅವನ ಹೆಸರನ್ನೇ ಇಟ್ಟರು. ಹಾನ್‌ಡಾರ್ಫ್ ಎಂದರೆ ಹಾನನ ಹಳ್ಳಿ. ಆ ನೆಲ ಮೊದಲಿನಿಂದ ಪೆರಮಂಕ್ ಎಂಬ ಮೂಲನಿವಾಸಿಗಳದ್ದು ಎಂಬುದನ್ನೂ ನಮ್ಮ ಮಕ್ಕಳು ತಿಳಿದಿರಬೇಕು.

ನಾವು ಕಂಡ ಮನೆ ಆ ವಲಸಿಗರ ಬದುಕಿನ ಪಾಠದಂತಿತ್ತು. ಮರದ ಚೌಕಟ್ಟು ನಿಲ್ಲಿಸಿ, ನಡುವೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿದ ಗೋಡೆಗಳು. ಕಡಿದಾದ ಮಾಡಿನ ಕೆಳಗೆ ಕಾಳು ತುಂಬಿಡುವ ಅಟ್ಟ. ಹಿಂಬದಿಯಲ್ಲಿ ಬ್ರೆಡ್ ಸುಡುವ ಇಟ್ಟಿಗೆಯ ಗೂಡು, ಮಾಂಸ ಕೆಡದಂತೆ ಹೊಗೆ ಹಾಕುವ ಕೋಣೆ, ನೆಲಮಾಳಿಗೆ, ಕೊಟ್ಟಿಗೆ. ಇಂಥ ಮನೆಗಳ ಹೆಂಗಸರು ಬೆಣ್ಣೆ, ಮೊಟ್ಟೆ, ತರಕಾರಿ ಹೊತ್ತು ರಾತ್ರಿಯೇ ಹೊರಟು, 25 ಕಿಲೋಮೀಟರಿಗೂ ಹೆಚ್ಚು ನಡೆದು ಅಡಿಲೇಡಿನ ಸಂತೆ ಸೇರುತ್ತಿದ್ದರು.

ಹೊಟ್ಟೆಪಾಡಿನ ನಡುವೆಯೂ ಅವರು ಶಾಲೆಯನ್ನು ಮರೆಯಲಿಲ್ಲ. ಚರ್ಚ್ ಎದ್ದಲ್ಲೆಲ್ಲ ಶಾಲೆಯೂ ಎದ್ದಿತು. ಮಕ್ಕಳು ಅಲ್ಲಿ ಜರ್ಮನ್ ಓದುಬರಹ ಕಲಿತರು. ಆದರೆ ಮೊದಲ ಮಹಾಯುದ್ಧ ಬಂದಾಗ ಜರ್ಮನ್ ಎಂಬುದೇ ಶತ್ರುವಿನ ಮಾತಾಯಿತು. 1917ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಸರ್ಕಾರ 49 ಲೂಥರನ್ ಶಾಲೆಗಳನ್ನು ಕಾನೂನಿನ ಮೂಲಕವೇ ಮುಚ್ಚಿಸಿತು. ಮರುವರ್ಷ 69 ಜರ್ಮನ್ ಸ್ಥಳನಾಮಗಳು ಬದಲಾದವು. ಹಾನ್‌ಡಾರ್ಫ್ 'ಆಂಬಲ್‌ಸೈಡ್' ಆಯಿತು. 1935ರಲ್ಲಿ ಹಳೆಯ ಹೆಸರು ಮರಳಿತು. 1988ರಲ್ಲಿ ಊರನ್ನು ಪಾರಂಪರಿಕ ಪ್ರದೇಶವೆಂದು ಘೋಷಿಸಲಾಯಿತು. ಗೋಡೆಗಳಿಗೆ ರಕ್ಷಣೆ ಸಿಕ್ಕಿತು.

ಮಾತಿಗೆ? ನಮಗೆ ಮನೆ ತೋರಿಸಿದ ವೃದ್ಧೆ ಆ ಕುಟುಂಬದವರೇ. "ಈ ಅಜ್ಜಿಗೆ ಜರ್ಮನ್ ಬರುತ್ತಾ?" ಎಂದು ಮೊಮ್ಮಗ ನನ್ನನ್ನು ಕೇಳಿದ. ಅವನ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಊಟದ ಮುಂಚಿನ ಒಂದು ಪ್ರಾರ್ಥನೆ ಮತ್ತು ಕೆಲವು ತಿಂಡಿಗಳ ಹೆಸರು ಬರುತ್ತವೆ, ಅಷ್ಟೇ ಎಂದು ಆಕೆ ನಕ್ಕರು. ಆಮೇಲೆ ಮನೆತನದ ಹಳೆಯ ಬೈಬಲ್ ತೆರೆದರು. ಮೊದಲ ಹಾಳೆಯಲ್ಲಿ ಹುಟ್ಟು, ಮದುವೆ, ಸಾವುಗಳ ವಿವರ. ಮುತ್ತಜ್ಜ ಬರೆದಿಟ್ಟದ್ದಂತೆ. "ಇದನ್ನು ಓದಲು ನಾನು ಬೇರೆಯವರನ್ನು ಕರೆಯಬೇಕು" ಎಂದಾಗ ಅವರ ಮುಖದಲ್ಲಿ ನಗುವಿರಲಿಲ್ಲ.

ಕಾರು ಹತ್ತುವಾಗ ಮೊಮ್ಮಗ ಮೆಲ್ಲಗೆ ಕೇಳಿದ: "ತಾತ, ನೀನು ಬರೆದದ್ದನ್ನೂ ನಾನು ಓದೋಕಾಗಲ್ಲ, ಅಲ್ವಾ?"

ಅವನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುತ್ತಿರಲಿಲ್ಲ. ಹಾನ್‌ಡಾರ್ಫಿನವರ ಶಾಲೆಗೆ ಬೀಗ ಹಾಕಿದ್ದು ಕಾನೂನು. ನಮ್ಮ ಮನೆಯಲ್ಲಿ ಅಕ್ಷರ ಕಲಿಸಬೇಡಿ ಎಂದವರು ಯಾರೂ ಇಲ್ಲ. ಹೊರನಾಡಿನಲ್ಲಿರುವ ತಂದೆತಾಯಂದಿರೂ, ಇಲ್ಲೇ ಇದ್ದು ಕನ್ನಡವನ್ನು ಬರಿಯ ಅಂಕದ ವಿಷಯವೆಂದು ಬಗೆದವರೂ ಇದನ್ನು ಯೋಚಿಸಬೇಕು. ದಿನಕ್ಕೆ ಹದಿನೈದು ನಿಮಿಷ ಸಾಕು.

ನಾನು ಮರಳುವಷ್ಟರಲ್ಲಿ ಹುಡುಗ ಕಾಗುಣಿತ ಮುಗಿಸಿದ್ದ. ಈಗ ಭಾನುವಾರದ ಫೋನ್ ಪಾಠದಲ್ಲಿ ಒತ್ತಕ್ಷರ ನಡೆಯುತ್ತಿದೆ. 'ಅಜ್ಜಿ' ಎಂದು ತಪ್ಪಿಲ್ಲದೆ ಬರೆಯುತ್ತಾನೆ.